ಒಂದನ್ನು ನಿಲ್ಲಿಸಿದ್ದಾನೆ

ಮೇಲಿರುವವನು ಒಂದನ್ನು ನಿಲ್ಲಿಸಿದ್ದಾನೆ ಎಂದು ಮುನಿಗಂಗಮ್ಮನಿಗೆ ಗೊತ್ತಾದದ್ದು ಅವರೆಕಾಯಿ ಸುಲಿಯುತ್ತಿದ್ದಾಗ. ಅವಳ ಕಿವಿ ಬೆಳಗಿನಿಂದ ಅದಕ್ಕೇ ಕಾದಿತ್ತೋ ಏನೋ, ಹೆಬ್ಬೆರಳು ಸಿಪ್ಪೆಯೊಳಗೆ ಹಾಗೆಯೇ ನಿಂತಿತು. ಅಷ್ಟು ಹೊತ್ತು ವಿಮಾನದ ಎರಡು ಇಂಜಿನ್ನಿನ ಸದ್ದು ಒಂದಕ್ಕೊಂದು ಹೆಣೆದುಕೊಂಡು ಮಂಜಿನ ಮೇಲೆ ಎಲ್ಲೋ ಸುತ್ತುತ್ತಿದ್ದವು. ಈಗ ಅದರಲ್ಲೊಂದು ಎಳೆ ಸಡಿಲವಾಗಿ, ಸಣ್ಣಗಾಗಿ, ಉಸಿರು ಬಿಟ್ಟ ಹಾಗೆ ಕೆಳಗಿಳಿದು ಇಲ್ಲವಾಯಿತು. ಉಳಿದದ್ದು ಒಂದು ಗಳಿಗೆ ತಡವರಿಸಿ, ಆಮೇಲೆ ಎರಡರ ಭಾರವನ್ನೂ ತಾನೇ ಹೊತ್ತ ಹಾಗೆ ದನಿ ಏರಿಸಿತು. ಅಂಗಳದಾಚೆಯ ಹೊಂಗೆ ಮರವೇ ಕಾಣದಷ್ಟು ಮಂಜು. ಅಲ್ಲಾಳಸಂದ್ರದ ಕೆರೆಯಿಂದ ಎದ್ದದ್ದು, ಹೊತ್ತು ಹುಟ್ಟಿದ ಮೇಲೆ ಕರಗುವ ಬದಲು ಇನ್ನೂ ಗಟ್ಟಿಯಾಗಿ ಮನೆಗಳ ಮೇಲೆ ಕೂತುಬಿಟ್ಟಿತ್ತು. ಅತ್ತೆ ಮಾರಮ್ಮ ಕಣದ ಕಡೆ ಹೋಗಿದ್ದಳು. ಅವಳು ರಾಗಿ ತೂರುವ ಮೊರದ ಸದ್ದು ಕೇಳುತ್ತಿತ್ತು, ಅವಳು ಕಾಣುತ್ತಿರಲಿಲ್ಲ. ಈ ಮಂಜಿನಲ್ಲಿ ಎಲ್ಲವೂ ಬರಿಯ ಸದ್ದಾಗಿದೆ ಅನ್ನಿಸಿತು ಗಂಗಮ್ಮನಿಗೆ. ತಾನೂ ಯಾರಿಗೂ ಕಾಣುತ್ತಿಲ್ಲ. ಸದ್ದು ಮಾಡದಿದ್ದರೆ ಇಲ್ಲವೇ ಇಲ್ಲ.

ಸದ್ದನ್ನು ಬಿಡಿಸಿ ಕೇಳುವುದನ್ನು ಅವಳಿಗೆ ಕಲಿಸಿದವನು ಗಂಡ ಪಿಳ್ಳಪ್ಪ. ಕೆರೆಯಾಚೆ, ಬಳ್ಳಾರಿ ರಸ್ತೆಯ ಆ ಬದಿಗೆ ವಿಮಾನದ ಕ್ಯಾಂಪು. ಅಲ್ಲಿ ಅವನು ಇಂಜಿನ್ ಫಿಟ್ಟರು. ಮದುವೆಯಾದ ಹೊಸದರಲ್ಲಿ, ಸಂಜೆ ಜಗಲಿಯ ಮೇಲೆ ಕೂತಿದ್ದಾಗ, ಅವಳ ಮುಖ ನೋಡಲು ನಾಚಿಕೆಯಾಗಿಯೋ ಏನೋ ಅವನು ಆಕಾಶ ನೋಡಿಕೊಂಡೇ ಮಾತಾಡುತ್ತಿದ್ದ. "ಕೇಳ್ದಾ? ಈಗ ಒಂದನ್ನ ನಿಲ್ಸಿದ," ಎಂದಿದ್ದ ಒಂದು ದಿನ. ಅವಳು ಗಾಬರಿಯಾಗಿ, "ಬಿದ್ದೋಗಲ್ವಾ?" ಎಂದಿದ್ದಳು. ಅವನು ನಕ್ಕಿದ್ದ. "ಯಾಕೆ ಬೀಳ್ತದೆ. ಇಳಿಯಕ್ಕೆ ಜಾಗ ಆಗೋಗಂಟ ಮೇಲೆ ಸುತ್ತಾಡ್ಕೊಂಡಿರ್ಬೇಕಲ್ಲ, ಎಣ್ಣೆ ಉಳಿಸ್ತಾವ್ನೆ. ಜೆಟ್ಟಿನ ಗುಣ ಒಂದೈತೆ. ಅರ್ಧಂಬರ್ಧ ಕೆಲಸ ಕೊಟ್ರೆ ಸುಮ್ಸುಮ್ನೆ ಕುಡೀತದೆ. ಎರಡನ್ನೂ ಸಣ್ಣಗೆ ಉರಿಸೋಕಿಂತ ಒಂದನ್ನೇ ಚೆನ್ನಾಗಿ ಉರಿಸಿದ್ರೆ ಕಮ್ಮಿ ಎಣ್ಣೇಲಿ ಜಾಸ್ತಿ ಹೊತ್ತು ನಿಲ್ತದೆ." ಹಾಗಾದರೆ ನಿಲ್ಲಿಸಿದ್ದು ಏನು ಮಾಡುತ್ತಿರುತ್ತದೆ ಎಂದು ಅವಳು ಕೇಳಿದ್ದಳು. "ಏನೂ ಮಾಡಲ್ಲ. ಗಾಳಿ ನುಗ್ತದಲ್ಲ, ಅದರ ಪಾಡಿಗೆ ಅದು ತಿರುಗ್ತಾ ಇರ್ತದೆ, ಬೆಂಕಿ ಇರಲ್ಲ ಅಷ್ಟೆ. ಬೇಕಾದಾಗ ಒಂದು ಗುಂಡಿ ಒತ್ತಿದ್ರೆ ಮತ್ತೆ ಹತ್ಕೊಳ್ತದೆ." ಬೆಂಕಿಯಿಲ್ಲದೆ, ಇನ್ನೊಂದರ ಓಟದ ಗಾಳಿಗೆ ತಿರುಗುತ್ತಾ ಜೊತೆಗೆ ಹೋಗುವುದು. ಆ ಮಾತು ಎಷ್ಟೋ ದಿನ ಅವಳ ತಲೆಯಲ್ಲಿ ಉಳಿದಿತ್ತು. ನೀರು ಸೇದುವಾಗ, ಸಗಣಿ ಸಾರಿಸುವಾಗ, ಅತ್ತೆಯ ಕಾಲೊತ್ತುವಾಗ ನೆನಪಾಗುತ್ತಿತ್ತು. ಯಾಕೆಂದು ಮಾತ್ರ ಅವಳು ಯೋಚಿಸಿರಲಿಲ್ಲ.

ಗುಂಡಿ ಒತ್ತಿದರೆ ಹತ್ತಿಕೊಳ್ಳುತ್ತದೆ. ನಿನ್ನೆ ಸಂಜೆಯವರೆಗೂ ಅದು ಅವಳ ಪಾಲಿಗೆ ಸೂರ್ಯ ಹುಟ್ಟುತ್ತದೆ ಅನ್ನುವಷ್ಟೇ ಖಂಡಿತವಾದ ಮಾತಾಗಿತ್ತು.

ಹನ್ನೊಂದು ದಿನದಿಂದ ಅವನಿಗೆ ರಾತ್ರಿ ಪಾಳಿ. ಬೆಳಿಗ್ಗೆ ಹೊತ್ತೇರಿದ ಮೇಲೆ ಬರುತ್ತಿದ್ದ, ಮುದ್ದೆ ಉಣ್ಣುತ್ತಿದ್ದ, ಮಲಗುತ್ತಿದ್ದ, ಮಧ್ಯಾಹ್ನ ಎರಡಕ್ಕೆಲ್ಲ ಎದ್ದು ಮತ್ತೆ ಹೋಗುತ್ತಿದ್ದ. ಅತ್ತೆ ಸೊಸೆಯೊಂದಿಗೆ ಆಡುವ ಮಾತಿಗಿಂತ ಕೋಳಿಗಳ ಜೊತೆ ಆಡುವ ಮಾತೇ ಹೆಚ್ಚು. ಕೋಳಿಗಾದರೂ ಬೈಗುಳದಲ್ಲಿ ಒಂದು ಅಕ್ಕರೆ ಇರುತ್ತಿತ್ತು. ಮಾತಾಡದೆ ಮಾತಾಡದೆ ಗಂಗಮ್ಮನಿಗೆ ತನ್ನ ದನಿ ಹೇಗಿತ್ತೆಂಬುದೇ ಮರೆತುಹೋದಂತಾಗಿತ್ತು. ಒಂದು ಮಧ್ಯಾಹ್ನ ಹಿತ್ತಿಲಲ್ಲಿ ಯಾರೂ ಇಲ್ಲದಾಗ ಒಂದು ಎರಡು ಮೂರು ಎಂದು ಗಟ್ಟಿಯಾಗಿ ಎಣಿಸಿ ನೋಡಿದ್ದಳು; ಇಪ್ಪತ್ತಕ್ಕೆ ಬರುವಷ್ಟರಲ್ಲಿ ಅಳು ಬಂದಿತ್ತು. ಹಾಗಿರುವಾಗ ನಿನ್ನೆ ಮೂರು ಗಂಟೆಗೆ, ಕ್ಯಾಂಪಿನ ಮೆಸ್ಸಿಗೆ ಎರಡನೆಯ ಹೊತ್ತಿನ ಹಾಲು ಒಯ್ಯುವ ಮುನಿಆಂಜಿನಪ್ಪ ಬಾಗಿಲಲ್ಲಿ ಸೈಕಲ್ ನಿಲ್ಲಿಸಿ, "ಏನವ್ವ, ಪಿಳ್ಳಪ್ಪಂಗೆ ಏನಾರ ಏಳ್ಬೇಕಾ?" ಎಂದ. ದಿನವೂ ಹಾಗೆ ಕೇಳುತ್ತಿದ್ದ, ದಿನವೂ ಅವಳು ಏನಿಲ್ಲವೆಂದು ತಲೆಯಾಡಿಸುತ್ತಿದ್ದಳು. ನಿನ್ನೆ ಬಾಯಿ ತಾನಾಗಿ ತೆರೆಯಿತು. "ಊರಲ್ಲಿ ಸಾರು ಹಾಕಿದ್ರು ಅಂತ ಹೇಳಣ್ಣ."

ಊರ ದೇವತೆ ಪಟಾಲಮ್ಮನ ಪೂಜೆಯ ದಿನ ಗೊತ್ತಾದ ಮೇಲೆ ತಮಟೆಯವನು ಬೀದಿ ಬೀದಿಯಲ್ಲಿ ನಿಂತು ಸಾರುತ್ತಾನೆ. ಸಾರು ಹಾಕಿದ ದಿನದಿಂದ ಪೂಜೆ ಮುಗಿಯುವವರೆಗೆ ಊರಿನ ಗಂಡಸರು ಎಲ್ಲೇ ದುಡಿಯಲಿ, ಹೊತ್ತು ಮುಳುಗುವುದರೊಳಗೆ ಊರ ಎಲ್ಲೆಯೊಳಗೆ ಬಂದುಬಿಡಬೇಕು. ಹೊರಗೆ ಮಲಗುವ ಹಾಗಿಲ್ಲ. ಮಲಗಿದವನ ಮನೆಗೆ ಒಳ್ಳೆಯದಾಗುವುದಿಲ್ಲ. ಪಟ್ಟಣದ ಗಿರಣಿಯಲ್ಲಿ ಕೆಲಸ ಮಾಡುವವರೂ ಆ ದಿನಗಳಲ್ಲಿ ಕೊನೆಯ ಬಸ್ಸಿಗೆ ಓಡಿ ಬರುತ್ತಿದ್ದರು. ಈ ವರ್ಷ ಇನ್ನೂ ದಿನ ಗೊತ್ತಾಗಿರಲಿಲ್ಲ, ಸಾರೂ ಹಾಕಿರಲಿಲ್ಲ. ಮುನಿಆಂಜಿನಪ್ಪ ಜಕ್ಕೂರಿನವನು, ಅವನಿಗೆ ಈ ಊರಿನ ಸುದ್ದಿ ತಿಳಿಯದು. ಅವನ ಸೈಕಲ್ಲು ತಿರುವು ದಾಟಿದ ಮೇಲೆ ಗಂಗಮ್ಮ ಓಡಿಹೋಗಿ ಕರೆಯಬೇಕೆಂದು ಮೂರು ಹೆಜ್ಜೆ ಇಟ್ಟಿದ್ದಳು. ಮೂರೇ ಹೆಜ್ಜೆ.

ಪಿಳ್ಳಪ್ಪ ಬೆಳಕಿರುವಾಗಲೇ ಬಂದ. ಬೆವರಿದ್ದ. ಹಂಡೆಯ ನೀರು ಹುಯ್ದುಕೊಂಡು, ಒದ್ದೆ ಕೂದಲಲ್ಲೇ ತಣಿಗೆಯ ಮುಂದೆ ಕೂತು, "ಪೂಜೆ ಯಾವತ್ತಂತವ್ವ?" ಎಂದು ತಾಯಿಯನ್ನು ಕೇಳಿದ. ಮಾರಮ್ಮ ಸಾರಿನ ಸೌಟು ಹಿಡಿದವಳು ತಿರುಗಿ ನೋಡಿದಳು. "ಯಾವ ಪೂಜೆ?" ಮಾರಮ್ಮನ ಕಣ್ಣು ಸೊಸೆಯ ಮೇಲೆ ಬಂದು ನಿಂತಿತು, ತುಟಿಯ ತುದಿಯಲ್ಲಿ ಒಂದು ನಗು. "ಓ, ಅಂಗೆ. ದೇವರ ಎಸರು ಏಳಿ ಗಂಡನ್ನ ಕರೆಸ್ಕೊಂಡವ್ಳೆ ನಮ್ಮ ಮಾರಾಣಿ." ಪಿಳ್ಳಪ್ಪ ನಗಲಿಲ್ಲ, ಬೈಯಲಿಲ್ಲ. ಮುದ್ದೆ ಮುರಿಯುತ್ತಿದ್ದ ಕೈ ನಿಂತಿತು. "ಎಡಗಡೇದು ಬಾಕಿ ಇತ್ತು," ಎಂದ, ತನಗೇ ಹೇಳಿಕೊಳ್ಳುವಂತೆ. ಆಮೇಲೆ ಕೋಣೆಯಲ್ಲಿ, ಗೋಡೆಯ ಕಡೆ ತಿರುಗಿಕೊಂಡು, ಅವಳು ಕೇಳದೆಯೇ ಬಿಡಿಸಿ ಹೇಳಿದ. ಎಡ ಇಂಜಿನ್ನಿನ ಗುಂಡಿಯ ವೈರು ಸವೆದಿತ್ತು, ಹೊಸದು ಹಾಕಿದ. ನೆಲದ ಮೇಲೆ ಹೊತ್ತಿಸುವ ದಾರಿ ಬೇರೆ, ಮೇಲೆ ನಿಂತದ್ದನ್ನು ಮತ್ತೆ ಹೊತ್ತಿಸುವ ದಾರಿ ಬೇರೆ, ಇದು ಮೇಲಿನದ್ದು. ಒಬ್ಬ ಒಳಗೆ ಕೂತು ಗುಂಡಿ ಒತ್ತಬೇಕು, ಇನ್ನೊಬ್ಬ ಇಂಜಿನ್ನಿನ ಹೊಟ್ಟೆಗೆ ಕಿವಿಯಿಟ್ಟು ಟಿಕ್ ಟಿಕ್ ಅನ್ನುವ ಕಿಡಿಯ ಸದ್ದು ಕೇಳಬೇಕು. ಜೊತೆಯವನು ಊಟಕ್ಕೆ ಹೋಗಿದ್ದ. ಕಾದಿದ್ದರೆ ಹೊತ್ತು ಮುಳುಗುತ್ತಿತ್ತು. "ಬುಕ್ಕಲ್ಲಿ ಎಲ್ಲ ಆಯ್ತು ಅಂತ ಸೈನ್ ಹಾಕ್ಬಿಟ್ಟು ಬಂದೆ. ಬೆಳಿಗ್ಗೆ ಏಳಕ್ಕೆ ಮುಂಚೆ ಹಾರಿಸಲ್ಲ. ಬೇಗ ಹೋಗಿ ನೋಡಿದ್ರಾಯ್ತು." ಮಾತು ಮುಗಿಯಿತು. ಅವಳು ತಪ್ಪಾಯ್ತು ಅನ್ನಬೇಕಾಗಿತ್ತು. ಅನ್ನಲಿಲ್ಲ. ಗೋಡೆಗೆ ಮುಖ ಮಾಡಿದ್ದರೂ ಅವನ ಉಸಿರು ಆ ಕೋಣೆಯಲ್ಲಿತ್ತು, ಅವಳು ಅದನ್ನು ಕೇಳುತ್ತಾ ಕಣ್ಣು ಬಿಟ್ಟುಕೊಂಡು ಮಲಗಿದ್ದಳು. ಅವಳಿಗೆ ಸುಖವಾಗಿತ್ತು. ಈಗ ಅವರೆಕಾಯಿಯ ಮುಂದೆ ಕೂತವಳನ್ನು ಸುಡುತ್ತಿದ್ದದ್ದು ಸುಳ್ಳಲ್ಲ, ಆ ಸುಖ.

ಯಾಕೆಂದರೆ ಬೆಳಿಗ್ಗೆ ಆರಕ್ಕೇ ಅದು ಹಾರಿತು. ಆಗ ಮಂಜಿರಲಿಲ್ಲ, ಕೆರೆಯ ಮೇಲೆ ಹೊಗೆಯಷ್ಟು ತೆಳ್ಳಗೆ ಏನೋ ಇತ್ತು. ಪಿಳ್ಳಪ್ಪ ಬಚ್ಚಲ ಕಲ್ಲಿನ ಮೇಲೆ ಕೂತು ಇದ್ದಿಲಿನಲ್ಲಿ ಹಲ್ಲುಜ್ಜುತ್ತಿದ್ದ, ಅವಳು ಚೊಂಬು ಹಿಡಿದು ನಿಂತಿದ್ದಳು. ಕ್ಯಾಂಪಿನ ಕಡೆಯಿಂದ ಎರಡೂ ಇಂಜಿನ್ನಿನ ಗರ್ಜನೆ ಎದ್ದು, ಊರ ಮೇಲೆ ಹಾದು, ಹೆಸರಘಟ್ಟದ ಕಡೆ ಹೋಯಿತು. ಅವನ ಬೆರಳು ಬಾಯಲ್ಲೇ ನಿಂತಿತು. ಕಪ್ಪು ಎಂಜಲು ಗಲ್ಲದ ಮೇಲೆ ಇಳಿಯುತ್ತಿತ್ತು. ಸದ್ದು ಪೂರ್ತಿ ಹೋಗುವವರೆಗೆ ಕೇಳಿ, ಉಗಿದು, ಚೊಂಬನ್ನು ಅವಳ ಕೈಯಿಂದ ತೆಗೆದುಕೊಳ್ಳದೆ ತೊಟ್ಟಿಯ ನೀರಿನಲ್ಲೇ ಮುಖ ತೊಳೆದು, ಸೈಕಲ್ ಹತ್ತಿ ಹೋದ. ಅವಳನ್ನು ನೋಡಲಿಲ್ಲ. ನೋಡಿ ಒಂದು ಮಾತು ಬೈದಿದ್ದರೆ ಆ ಬೈಗುಳವನ್ನು ಇಟ್ಟುಕೊಂಡು ದಿನ ಕಳೆಯಬಹುದಾಗಿತ್ತು.

ಮಂಜಿನಿಂದ ಮೊದಲು ಕ್ಯಾನುಗಳ ಸದ್ದು, ಆಮೇಲೆ ಸೈಕಲ್ಲಿನ ಮುಂದಿನ ಚಕ್ರ, ಆಮೇಲೆ ಮುನಿಆಂಜಿನಪ್ಪ ಹೊರಗೆ ಬಂದ. ಬೆಳಗಿನ ಹಾಲು ಹಾಕಿ ಹಿಂತಿರುಗುತ್ತಿದ್ದ. ತಲೆಗೆ ಸುತ್ತಿದ ಟವಲ್ಲಿನ ಮೇಲೆ ಹನಿಗಳು ಕೂತಿದ್ದವು. "ಏನವ್ವ ಗಂಗವ್ವ," ಎಂದು ಒಂದು ಕಾಲನ್ನು ಜಗಲಿಗೆ ಕೊಟ್ಟು ನಿಂತ. "ನಿಮ್ಮೂರ ತಮಟೆಯೋನು ನೆನ್ನೆ ಬೆಳಗಿಂದ ಸಂಜೆಗಂಟ ನಮ್ಮೂರ ಮದುವೇಲಿ ಬಾರಿಸ್ತಿದ್ದ. ನಿಮ್ಮೂರಲ್ಲಿ ಸಾರು ಆಕಿದ್ದು ಯಾರು, ಕೋಳೀನಾ?"

ಅವಳು ಸಿಪ್ಪೆಗಳನ್ನು ಒಟ್ಟು ಮಾಡಿದಳು. ಕಿವಿ ಬಿಸಿಯಾಯಿತು.

"ನಂಗೇನವ್ವ, ನಾನು ಹಾಲಿನೋನು, ಕೊಟ್ಟಿದ್ದು ಒತ್ಕೊಂಡೋಯ್ತೀನಿ. ಹಾಲೂ ಸೈ, ಮಾತೂ ಸೈ. ಆದ್ರೆ ನೀರು ಬೆರೆಸೋದು ನನ್ ಕೆಲಸ ಕಣವ್ವ, ನೀನ್ಯಾಕೆ ಬೆರೆಸಕ್ಕೋದೆ?" ತನ್ನ ಮಾತಿಗೆ ತಾನೇ ನಕ್ಕು, ಆಕಾಶದ ಕಡೆ ಗಲ್ಲ ಎತ್ತಿದ. "ಕೇಳ್ತೈತಾ? ಆ ಹೊಸ ಸಾಹೇಬ ಮೇಲೇ ಸಿಕ್ಕಾಕೊಂಡವ್ನೆ. ಮಂಜು ಮುಚ್ಕೊಂಡ್ಬುಡ್ತಲ್ಲ, ಇಳಿಯಕ್ಕೆ ನೆಲವೇ ಕಾಣ್ದು. ಪಟ್ಟಣದ ಆಕಡೆ ಇನ್ನೊಂದು ಫೀಲ್ಡು ಐತಂತೆ, ಅಲ್ಲಿ ಬಿಸಿಲಂತೆ. ಅಲ್ಲಿಗೋಗ್ತೀಯಾ ಅಂದ್ರೆ, ಬ್ಯಾಡ, ಒಂದನ್ನ ನಿಲ್ಸಿ ಎಣ್ಣೆ ಉಳಿಸ್ಕೊಂಡು ಕಾಯ್ತೀನಿ, ಇಲ್ಲೇ ಇಳೀತೀನಿ ಅಂದವ್ನಂತೆ. ಮೆಸ್ಸಲ್ಲಿ ಎಲ್ಲ ಅದೇ ಮಾತು. ಮೊಟ್ಟೆ ತಣ್ಣಗಾಗ್ತೈತೆ ಅಂತ ಅಡುಗೆಯೋನು ಗೊಣಗ್ತಿದ್ದ."

"ಅವರು ಕಂಡ್ರಾ?" ಎಂದಳು.

"ಪಿಳ್ಳಪ್ಪನಾ? ಕಂಡ. ಶೆಡ್ಡಿನ ಗೋಡೆಗೆ ಒರಗ್ಕೊಂಡು ಮೇಲೆ ನೋಡ್ತಾ ನಿಂತಿದ್ದ. ಮಾತಾಡಿಸ್ದೆ, ಆಡ್ಲಿಲ್ಲ. ನಿಮ್ಮಿಬ್ರಿಗೂ ಏನಾಗೈತೆ?"

ಹಾಗಾದರೆ ಹೇಳಿಲ್ಲ. ಕ್ಯಾನುಗಳ ಸದ್ದು ಮಂಜಿನೊಳಗೆ ಹೋದ ಮೇಲೂ ಅವಳು ಅದನ್ನೇ ಹಿಡಿದುಕೊಂಡು ಕೂತಳು: ಹೇಳಿಲ್ಲ. ಹೇಳಿದ್ದರೆ ಒರಗಿ ನಿಂತಿರಲು ಯಾರೂ ಬಿಡುತ್ತಿರಲಿಲ್ಲ. ಮೇಲಿರುವವನಿಗೆ ಗುಂಡಿಯನ್ನು ನಂಬಬೇಡ ಎಂದು ಯಾರೂ ತಿಳಿಸಿಲ್ಲ. ಅವನು ನಂಬಿಕೊಂಡು ಸುತ್ತುತ್ತಿದ್ದಾನೆ. ಇಳಿಯುವುದಕ್ಕೆ ಒಂದು ಇಂಜಿನ್ ಸಾಕು, ಅದನ್ನೂ ಪಿಳ್ಳಪ್ಪನೇ ಹೇಳಿದ್ದ. ಆದರೆ ಇಳಿಯಲು ಬಂದು, ನೆಲದ ಹತ್ತಿರ ದಾರಿ ತಪ್ಪಿ, ಮತ್ತೆ ಮೇಲೆತ್ತಬೇಕಾಗಿ ಬಂದರೆ ಎರಡೂ ಬೇಕು. ಮಂಜಿನಲ್ಲಿ ದಾರಿ ತಪ್ಪದೆ ಇರುತ್ತದೆಯೇ. ಈ ಅಂಗಳದಿಂದ ಬಾವಿಗೆ ಹೋಗುವ ದಾರಿಯೇ ಇವತ್ತು ತಪ್ಪುತ್ತಿದೆ. ಬಚ್ಚಲ ಕಲ್ಲಿನ ಮೇಲೆ ಅವನು ಉಗಿದ ಕಪ್ಪು ಇನ್ನೂ ಹಾಗೆಯೇ ಇತ್ತು. ಒಂದು ಚೊಂಬು ನೀರು ಹುಯ್ದಳು. ಮೊರವನ್ನು ಒಳಗಿಟ್ಟು, ಬಾಗಿಲು ಎಳೆದುಕೊಂಡು, ಸೆರಗನ್ನು ತಲೆಯ ಮೇಲೆ ಹೊದ್ದು ಬೀದಿಗಿಳಿದಳು. ಕಣದ ಹತ್ತಿರ ಹಾಯುವಾಗ ಮೊರದ ಸದ್ದು ನಿಂತಿತು. "ಯಾರದು?" ಎಂದಳು ಮಾರಮ್ಮ ಮಂಜಿನೊಳಗಿನಿಂದ. ಗಂಗಮ್ಮ ದಾಟಿ ಮುಂದೆ ಹೋದಳು.

ಅವಳು ಒಬ್ಬಳೇ ಬಳ್ಳಾರಿ ರಸ್ತೆಯಲ್ಲಿ ನಡೆದದ್ದು ಇದೇ ಮೊದಲು. ಲಾರಿಗಳು ದೀಪ ಹಾಕಿಕೊಂಡು ತಡಕಾಡುತ್ತಾ ಬರುತ್ತಿದ್ದವು. ಹಳದಿ ಬೆಳಕು ಮೊದಲು ಬಂದು, ಅದರ ಹಿಂದೆ ಲಾರಿ ಹುಟ್ಟಿ, ಹಾದು, ಇಲ್ಲವಾಗುತ್ತಿತ್ತು. ಅವಳು ಸಾಲುಮರಗಳನ್ನು ಮುಟ್ಟಿಕೊಂಡು ನಡೆದಳು. ಮೇಲೆ ಸದ್ದು ದೊಡ್ಡ ಚಕ್ರದಲ್ಲಿ ಸುತ್ತುತ್ತಿತ್ತು. ಹೆಬ್ಬಾಳದ ಕಡೆಯಿಂದ ಬಂದು, ತಲೆಯ ಮೇಲೆ ದಪ್ಪವಾಗಿ, ಯಲಹಂಕದ ಕಡೆ ತೆಳ್ಳಗಾಗಿ, ಇನ್ನೇನು ಹೋಯಿತು ಅನ್ನುವಾಗ ಮತ್ತೆ ತಿರುಗುತ್ತಿತ್ತು. ತಿರುಗಿದಾಗಲೆಲ್ಲ ಅವಳು ಮುಂದಿನ ಮರಕ್ಕೆ ಕೈ ಚಾಚುತ್ತಿದ್ದಳು. ಅದು ಸುತ್ತುತ್ತಿರುವವರೆಗೆ ಏನೂ ಆಗಿಲ್ಲ. ಎಣ್ಣೆ ಇರುವವರೆಗೆ ಯಾರೂ ಕಳ್ಳರಲ್ಲ, ಯಾರೂ ಸತ್ತಿಲ್ಲ. ಆ ಸಾಹೇಬನನ್ನು ಅವಳು ಒಂದು ಸಲ ನೋಡಿದ್ದಳು. ಯಲಹಂಕದ ಸಂತೆಯಲ್ಲಿ, ಗಂಡನ ಹಿಂದೆ ಸೌತೆಕಾಯಿಯ ಚೀಲ ಹಿಡಿದು ನಿಂತಿದ್ದಾಗ ಮೋಟಾರ್ ಸೈಕಲ್ಲಿನಲ್ಲಿ ಬಂದು ನಿಲ್ಲಿಸಿದ್ದ. ಎಳೆಯ ಮುಖ, ಬಿಸಿಲಿಗೆ ಕೆಂಪಾದ ಕಿವಿ. ಪಿಳ್ಳಪ್ಪನ ಬೆನ್ನು ತಟ್ಟಿ ಏನೋ ಹೇಳಿ, ಅವಳ ಕಡೆ ತಿರುಗಿ ಕೈ ಜೋಡಿಸಿದ್ದ. ಅವಳು ಕೈ ಜೋಡಿಸಲಿಲ್ಲ. ಗಂಡನ ಬೆನ್ನ ಹಿಂದೆ ಸರಿದು ಚೀಲವನ್ನು ಎದೆಗೆ ಒತ್ತಿ ಹಿಡಿದಿದ್ದಳು. ಮನೆಗೆ ಬರುವಾಗ ಪಿಳ್ಳಪ್ಪ, "ಅಷ್ಟು ದೊಡ್ಡೋನು ಕೈ ಮುಗಿದ್ರೆ ಮರದಂಗೆ ನಿಂತಿದ್ಯಲ್ಲ," ಎಂದಿದ್ದ. ಆ ಜೋಡಿಸಿದ ಕೈಗಳು ಈಗ ಮೇಲೆ, ಮಂಜಿನಾಚೆಯ ಬಿಸಿಲಿನಲ್ಲಿ, ಏನನ್ನೋ ಹಿಡಿದುಕೊಂಡಿವೆ. ಅವನಿಗೆ ಅಲ್ಲಿಂದ ಬಿಳಿಯ ಮಂಜಲ್ಲದೆ ಇನ್ನೇನೂ ಕಾಣುತ್ತಿರಲಾರದು. ಜೊತೆಗೆ ಯಾರೂ ಇಲ್ಲ, ಅದು ಒಬ್ಬನೇ ಕೂರುವ ವಿಮಾನ. ಅವನೂ ಒಂದು ಎರಡು ಮೂರು ಎಂದು ಎಣಿಸಿಕೊಳ್ಳುತ್ತಿರಬಹುದು.

ಹೋಗಿ ಏನು ಹೇಳುವುದು, ಯಾರಿಗೆ ಹೇಳುವುದು. ಹೇಳಿದರೆ ಪಿಳ್ಳಪ್ಪನ ಕೆಲಸ ಹೋಗುತ್ತದೆ. ಮಾಡದ ಕೆಲಸಕ್ಕೆ ಸೈನು ಹಾಕಿದವನನ್ನು ಇಟ್ಟುಕೊಳ್ಳುವುದಿಲ್ಲ, ಜೈಲಿಗೂ ಕಳಿಸಬಹುದು. ಅವನು ಆ ಇಂಜಿನ್ನುಗಳನ್ನು ಬಿಟ್ಟು ಏನು ಮಾಡುತ್ತಾನೆ? ರಾಗಿ ತೂರುತ್ತಾನೆಯೇ? ಆಕಾಶ ನೋಡಿ ಮಾತಾಡುವುದಕ್ಕೆ ಅವನಿಗೆ ಏನು ಉಳಿಯುತ್ತದೆ? ಹೇಳದಿದ್ದರೆ ಬಹುಶಃ ಏನೂ ಆಗದು. ಗುಂಡಿ ಸರಿಯಾಗಿಯೇ ಇರಬಹುದು. ಅವಳ ಹೆಜ್ಜೆ ನಿಧಾನವಾಯಿತು. ಆರನೇ ತರಗತಿಯಲ್ಲಿ ಮೇಷ್ಟ್ರು ಪಾಠ ಓದಲು ನಿಲ್ಲಿಸಿದ್ದು ನೆನಪಾಯಿತು. ಪಾಠ ಪೂರ್ತಿ ಬಾಯಿಗೆ ಬರುತ್ತಿತ್ತು. ಗಂಟಲಿನಿಂದ ದನಿ ಮಾತ್ರ ಹೊರಡಲಿಲ್ಲ. ಗಟ್ಟಿಯಾಗಿ, ಗಟ್ಟಿಯಾಗಿ ಎಂದು ಮೇಷ್ಟ್ರು ಮೇಜು ಕುಟ್ಟಿದರು; ಹುಡುಗಿಯರು ಸ್ಲೇಟಿನ ಹಿಂದೆ ನಕ್ಕರು; ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ನಿಂತಿದ್ದು, ಮನೆಗೆ ಬಂದವಳು ಮತ್ತೆ ಶಾಲೆಗೆ ಹೋಗಲಿಲ್ಲ. ಯಾರೂ ಯಾಕೆಂದು ಕೇಳಲಿಲ್ಲ. ಹೊಲದಲ್ಲಿ ಕಳೆ ಕೀಳುವುದಿತ್ತು. ಮೇಲಿನ ಸದ್ದು ಆ ಹೊತ್ತಿಗೆ ಯಲಹಂಕದ ತುದಿಯಲ್ಲಿ ಎಂದಿಗಿಂತ ಹೆಚ್ಚು ಹೊತ್ತು ಕೇಳಿಸದೆ ಹೋಯಿತು. ಅವಳು ರಸ್ತೆಯಲ್ಲಿ ನಿಂತುಬಿಟ್ಟಳು. ಮತ್ತೆ ಬಂದಾಗ, ತಾನು ಓಡುತ್ತಿದ್ದೇನೆ ಎಂದು ಅವಳಿಗೆ ಗೊತ್ತಾಯಿತು.

ಗೇಟಿನಲ್ಲಿ ಬಂದೂಕು ಹಿಡಿದ ಕಾವಲಿನವನು ಉತ್ತರದ ಕಡೆಯವನು, ಎತ್ತರದ ಆಳು. ಹಿಂದಿಯಲ್ಲಿ ಏನೋ ಕೇಳಿದ. ಅವಳು ಬಾಯಿ ತೆರೆದಳು. ಮೇಷ್ಟ್ರ ಮುಂದೆ ಆದದ್ದೇ ಆಯಿತು. ಅವನು ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ ಕೇಳಿ, ಕೈಬೀಸಿ ಹೋಗೆಂದ. ಕಾವಲು ಕೋಣೆಯ ಮುಂದೆ ಕಸ ಗುಡಿಸುತ್ತಿದ್ದ ಹೆಂಗಸು ಪೊರಕೆ ಊರಿಕೊಂಡು ನೋಡಿದಳು. ಐವತ್ತು ದಾಟಿದ ಅಮೀನಾ. ಹಿಂದಿನ ದಸರಾ ಆಯುಧಪೂಜೆಗೆ ಗಂಗಮ್ಮ ಕ್ಯಾಂಪಿಗೆ ಬಂದಿದ್ದಾಗ ಅವಳಿಗೆ ಮಂಡಕ್ಕಿ ಕೊಟ್ಟಿದ್ದಳು. "ಪಿಳ್ಳಪ್ಪನ ಮನೆಯೋಳಲ್ವೇನಮ್ಮ ನೀನು? ಇದೇನು ಹಿಂಗೆ ಓಡಿ ಬಂದಿದ್ದೀ? ಬುತ್ತಿ ತಂದ್ಯಾ?" ಗಂಗಮ್ಮ ಬರಿಗೈ ನೋಡಿಕೊಂಡಳು. "ಅವರನ್ನ ಕರೀರಿ," ಎಂದಳು. ದನಿ ಬಂದಿತ್ತು, ಸಣ್ಣಗೆ. "ಏನಂತ ಕರೀಲಿ? ಡ್ಯೂಟಿ ಟೈಮಲ್ಲಿ ಸುಮ್ನೆ ಕರೆದ್ರೆ ಬಯ್ತಾರೆ. ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?" ಹೌದೆಂದರೆ ಸಾಕಾಗಿತ್ತು. ಸುಲಭದ, ಸಣ್ಣ ಹೌದು. "ಇಲ್ಲ," ಎಂದಳು ಗಂಗಮ್ಮ. "ಎಲ್ಲ ಹುಷಾರಾಗವ್ರೆ. ನಾನು ಮಾತಾಡ್ಬೇಕು." ಅಮೀನಾ ಅವಳ ಮುಖವನ್ನು ಒಂದು ಗಳಿಗೆ ನೋಡಿ, ಕಾವಲಿನವನಿಗೆ ಏನೋ ಗೊಣಗಿ, ಪೊರಕೆಯನ್ನು ಗೋಡೆಗೆ ಆನಿಸಿ ಒಳಗೆ ಹೋದಳು.

ಪಿಳ್ಳಪ್ಪ ಮಂಜಿನಿಂದ ಬರುವಾಗ ಬೇರೆ ಯಾರೋ ಅನ್ನಿಸಿದ. ಮುಖದಲ್ಲಿ ರಕ್ತವಿರಲಿಲ್ಲ. ಗೇಟಿನ ಕಂಬದ ಆಚೆಗೇ ನಿಂತ. "ಇವತ್ತೇನು ಹೇಳಕ್ಕೆ ಬಂದೆ?" ಎಂದ.

"ಹೇಳಿದ್ಯಾ?"

"ಏನು?"

"ಎಡಗಡೇದು."

ಅವನು ಕಾವಲಿನವನ ಕಡೆ ನೋಡಿದ. ಅವನಿಗೆ ಕನ್ನಡ ಬರುವುದಿಲ್ಲವೆಂಬುದು ನೆನಪಾದರೂ ದನಿ ತಗ್ಗಿಸಿದ. "ಮನೆಗೋಗು ಗಂಗಾ."

"ಹೇಳಿದ್ಯಾ ಅಂತ ಕೇಳ್ದೆ."

"ಇಳಿಯಕ್ಕೆ ಒಂದು ಸಾಕು. ಎಷ್ಟು ಸಲ ಒಂದರಲ್ಲೇ ಇಳಿಸವ್ರೆ."

"ಇಳಿಯಕ್ಕೆ ಬಂದು, ನೆಲ ಕಾಣ್ದೆ, ಮತ್ತೆ ಎತ್ಬೇಕು ಅಂದ್ರೆ?"

ಅದು ಅವನೇ ಹೇಳಿಕೊಟ್ಟ ಪಾಠ. ಸದ್ದು ತಲೆಯ ಮೇಲೆ ಬಂತು. ಇಬ್ಬರೂ ಒಟ್ಟಿಗೆ ಮುಖ ಎತ್ತಿದರು, ಒಟ್ಟಿಗೆ ಇಳಿಸಿದರು. "ಹತ್ಕೊಳ್ತದೆ," ಎಂದ. "ನಾನೇ ಹಾಕಿದ ವೈರು. ನನಗ್ಗೊತ್ತಿಲ್ವಾ?"

"ಟಿಕ್ಟಿಕ್ ಅನ್ನೋದು ಕೇಳಿದ್ಯಾ?"

"ಕೇಳಕ್ಕೆ ನೀನು ಬಿಟ್ಯಾ?"

ಬೆಳಗಿನಿಂದ ಅವಳು ಕಾದಿದ್ದ ಏಟು ಅದು. ಬಿದ್ದ ಮೇಲೆ ನೋವಿಗಿಂತ ಹೆಚ್ಚಾಗಿ ನಿಲ್ಲಲು ನೆಲ ಸಿಕ್ಕಿದ ಹಾಗಾಯಿತು. "ಬಿಡ್ಲಿಲ್ಲ," ಎಂದಳು. "ಅದನ್ನೂ ಹೇಳು. ಹೆಂಡ್ತಿ ಸುಳ್ಳು ಹೇಳಿ ಕರೆಸ್ಕೊಂಡ್ಲು ಅಂತ ಹೇಳು."

"ಜನ ನಗ್ತಾರೆ."

"ನಗ್ಲಿ. ನೀನು ಹೇಳ್ದಿದ್ರೆ ಆ ಅಮೀನಮ್ಮನ್ನ ಕರ್ಕೊಂಡು ನಾನೇ ಒಳಗೆ ಬತ್ತೀನಿ. ನಂಗೆ ಹಿಂದಿ ಬರಲ್ಲ, ಅವರಿಗೆ ಬತ್ತದೆ."

ಅವನು ಅವಳನ್ನು ನೋಡಿದ. ಮದುವೆಯಾಗಿ ಎರಡು ವರ್ಷದಲ್ಲಿ ಅವನು ಹೀಗೆ ನೇರ, ಇಷ್ಟು ಹೊತ್ತು ನೋಡಿದ್ದು ಅವಳಿಗೆ ನೆನಪಿರಲಿಲ್ಲ. ಪ್ರೀತಿಯಲ್ಲ, ಸಿಟ್ಟೂ ಅಲ್ಲ, ಬಿಚ್ಚಿ ಇಟ್ಟ ಇಂಜಿನ್ನಿನಲ್ಲಿ ತಾನು ಅದುವರೆಗೆ ಕಾಣದ ಭಾಗವೊಂದನ್ನು ನೋಡುವ ನೋಟ. ಆಮೇಲೆ ತಿರುಗಿ ನಡೆದ. ನಾಲ್ಕು ಹೆಜ್ಜೆಯ ಮೇಲೆ ಓಡತೊಡಗಿದ. ಬೂಟಿನ ಸದ್ದು ಮಂಜಿನಲ್ಲಿ ಕೊನೆಯವರೆಗೂ ಕೇಳಿಸಿತು.

ಎಷ್ಟು ಹೊತ್ತೋ. ಮೇಲಿನ ಸದ್ದು ಇನ್ನೊಂದು ಸುತ್ತು ಬಂತು. ಯಲಹಂಕದ ಕಡೆ ತಿರುಗಬೇಕಾದದ್ದು ತಿರುಗಲಿಲ್ಲ. ಅಗಲವಾಗಿ ಬಾಗಿ, ತೆಂಕಣಕ್ಕೆ ಮುಖ ಮಾಡಿ, ಗೆರೆ ಎಳೆದ ಹಾಗೆ ನೆಟ್ಟಗೆ ಹೊರಟಿತು. ಅವಳು ಗೇಟಿನ ಕಂಬ ಹಿಡಿದು ಕೇಳಿದಳು. ಹೆಬ್ಬಾಳದ ಕಡೆ, ಆಮೇಲೆ ಅದರಾಚೆ, ಒಂದೇ ಎಳೆ, ಸಣ್ಣಗೆ, ಇನ್ನೂ ಸಣ್ಣಗೆ. ಎರಡನೆಯದು ಸೇರಿಕೊಳ್ಳಲಿಲ್ಲ. ಪಟ್ಟಣದ ಬೆಳಗಿನ ಗದ್ದಲ ಎಲ್ಲಿ ಶುರುವಾಗುತ್ತದೋ ಅಲ್ಲಿ ಅದು ಮುಗಿಯಿತು. ಬೆಳಗಿನಿಂದ ತಲೆಯ ಮೇಲಿದ್ದದ್ದು ಹೋದ ಮೇಲೆ ಆಕಾಶ ಖಾಲಿ ಗುಡಾಣದ ಹಾಗೆ ಗುಂಯ್ ಎಂದಿತು. ಕಾವಲಿನವನಿಗೆ ಏನನ್ನಿಸಿತೋ, ಕೋಣೆಯೊಳಗಿಂದ ಒಂದು ಮರದ ಪೆಟ್ಟಿಗೆ ತಂದು ಅವಳ ಹತ್ತಿರ ಇಟ್ಟು ದೂರ ಸರಿದ. ಅವಳು ಕೂರಲಿಲ್ಲ.

ಆಮೇಲೆ ಮಂಜು ಬಿಟ್ಟಿತು. ನಿಧಾನವಾಗಿಯೇನೂ ಅಲ್ಲ, ಯಾರೋ ತುದಿ ಹಿಡಿದು ಎಳೆದ ಹಾಗೆ. ಮೊದಲು ಸೀಮೆಜಾಲಿಯ ಬೇಲಿ, ಬೇಲಿಯಾಚೆ ಶೆಡ್ಡುಗಳ ತಗಡು, ಅದರಾಚೆ ಉದ್ದಕ್ಕೂ ಒದ್ದೆಯಾಗಿ ಹೊಳೆಯುವ ಓಟದ ದಾರಿ, ಅಷ್ಟಗಲ, ಅಷ್ಟು ನೇರ, ಅದರ ಮೇಲೆ ಎರಡು ಕೊಕ್ಕರೆ. ಬಿಸಿಲು ಬಿತ್ತು. ಕಾವಲಿನವನು ನಕ್ಕು ಆ ಕಡೆ ಕೈ ತೋರಿಸಿದ, ನೋಡು ಎಂಬಂತೆ. ಕಾಲು ಗಂಟೆ. ಇನ್ನು ಕಾಲು ಗಂಟೆ ತಾನು ಸಾಲುಮರಗಳ ನಡುವೆ ನಿಧಾನವಾಗಿ ನಡೆದಿದ್ದರೆ, ಯಾರೂ ಏನೂ ಹೇಳದೆ ಅವನು ಇಲ್ಲೇ ಇಳಿಯುತ್ತಿದ್ದ, ತಣ್ಣಗಾದ ಮೊಟ್ಟೆ ತಿನ್ನುತ್ತಿದ್ದ, ಪಿಳ್ಳಪ್ಪ ಮಧ್ಯಾಹ್ನ ಯಾರಿಗೂ ಕಾಣದಂತೆ ಗುಂಡಿ ಒತ್ತಿ ನೋಡುತ್ತಿದ್ದ. ಅವಳು ಆ ಕೊಕ್ಕರೆಗಳನ್ನು ದ್ವೇಷದಿಂದ ನೋಡಿದಳು. ಆದರೂ ಮತ್ತೆ ಆ ರಸ್ತೆಯಲ್ಲಿ ಬಿಟ್ಟರೆ ತಾನು ಮತ್ತೆ ಓಡುತ್ತಿದ್ದೆನೆಂದೂ ಅವಳಿಗೆ ಗೊತ್ತಿತ್ತು. ಅದು ಧೈರ್ಯದ ಹಾಗೆ ಅನ್ನಿಸಲಿಲ್ಲ. ಮೈಯಲ್ಲಿ ಹೊಸದಾಗಿ ಕಾಣಿಸಿಕೊಂಡ ಮಚ್ಚೆಯ ಹಾಗೆ ಅನ್ನಿಸಿತು.

ಅಮೀನಾ ಬಂದು, "ಇಳಿದನಂತಮ್ಮ ಆ ಕಡೆ. ಫೋನು ಬಂತು. ಒಂದು ಗೀರೂ ಆಗಿಲ್ವಂತೆ," ಎಂದು ಹೇಳಿ, ಪೊರಕೆ ತೆಗೆದುಕೊಂಡು, ಗಂಗಮ್ಮನ ಮುಖ ನೋಡದೆ ಗುಡಿಸತೊಡಗಿದಳು. ಒಳಗೆ ಇನ್ನೇನೋ ಕೇಳಿ ಬಂದವಳ ಹಾಗಿದ್ದಳು.

ಪಿಳ್ಳಪ್ಪ ಹೊರಗೆ ಬಂದಾಗ ಸೈಕಲ್ ತಳ್ಳಿಕೊಂಡು ಬಂದ. ಅಂಗಿಯ ಜೇಬಿನ ಮೇಲೆ ಇರುತ್ತಿದ್ದ ನಂಬರಿನ ಬಿಲ್ಲೆ ಇರಲಿಲ್ಲ. ಪಿನ್ನಿನ ಎರಡು ತೂತು ಕಾಣುತ್ತಿದ್ದವು. ಹತ್ತಿರ ಬಂದಾಗ ಅವಳಿಗೆ ಆಶ್ಚರ್ಯವಾಯಿತು. ಅವನ ಮುಖದಲ್ಲಿ ಬೆಳಕಿತ್ತು.

"ಹೆಬ್ಬಾಳ ದಾಟಿದ ಮೇಲೆ ಒತ್ತಿ ನೋಡಿದನಂತೆ," ಎಂದ. "ಒಂದೇ ಸಲಕ್ಕೆ ಹತ್ಕೊಂತಂತೆ."

ಅವಳು ಜೇಬಿನ ಮೇಲಿನ ಆ ಎರಡು ತೂತುಗಳನ್ನು ನೋಡುತ್ತಿದ್ದಳು.

"ಒಂದೇ ಸಲಕ್ಕೆ," ಎಂದ ಮತ್ತೆ. "ನಾನು ಹೇಳಿರ್ಲಿಲ್ವಾ?" ತನ್ನ ಕೈಗಳನ್ನು ನೋಡಿಕೊಂಡ. ಆ ಕೈಗಳ ಬಗ್ಗೆ ಅವನಿಗೆ ಹೆಮ್ಮೆಯಾಗಿತ್ತು. ಮಗು ಹುಟ್ಟಿದ ಸುದ್ದಿ ಹೇಳುವ ಗಂಡಸಿನ ಹಾಗೆ, ಅವಳೂ ನಗಲೆಂದು ಕಾಯುತ್ತಿದ್ದ. ಅವಳಿಗೆ ನಗಲು ಆಗಲಿಲ್ಲ. ಅದು ಹತ್ತಿಕೊಂಡ ಸದ್ದು ಅವಳಿಗೆ ಕೇಳಿಸಿರಲಿಲ್ಲ. ಅವಳ ಕಿವಿಯಲ್ಲಿ ಆ ಒಂದೇ ಎಳೆ ಇನ್ನೂ ತೆಂಕಣಕ್ಕೆ ಹೋಗುತ್ತಲೇ ಇತ್ತು.

"ಬಿಲ್ಲೆ?" ಎಂದಳು.

"ತಗೊಂಡ್ರು. ಈಗ ಎಲ್ಲ ಬರೆದು ಕೊಡ್ಬೇಕಂತೆ, ಒಳಗೆ ಕರೀತಾವ್ರೆ. ಸೈಕಲ್ ಆಚೆ ಬಿಟ್ಟು ಬಾ ಅಂದ್ರು." ಬೆಳಕು ಆರುತ್ತಾ ಬಂತು, ಆದರೂ ಪೂರ್ತಿ ಆರಲಿಲ್ಲ. ಹ್ಯಾಂಡಲ್ಲನ್ನು ಅವಳ ಕಡೆ ವಾಲಿಸಿದ. "ಹಿಡ್ಕೋ. ಇದಕ್ಕೆ ಸ್ಟ್ಯಾಂಡ್ ಇಲ್ಲ."

"ಏನಂತ ಬರೀತೀಯ?"

"ಸೈನ್ ಹಾಕ್ದೋನು ನಾನು."

"ನಾನು ಕರೆಸ್ಕೊಂಡಿದ್ದು?"

"ಅದೆಲ್ಲ ಅವರಿಗ್ಯಾಕೆ." ಅವನ ದನಿ ಮೃದುವಾಗಿಯೇ ಇತ್ತು. "ಅದು ಮನೆ ಮಾತು. ಇದರಲ್ಲಿ ನೀನು ಎಲ್ಲೂ ಬರಲ್ಲ."

ಬರೆಯಬೇಕು, ನನ್ನ ಹೆಸರೂ ಬರಿ, ಎಂದು ಅವಳು ಹೇಳುವಷ್ಟರಲ್ಲಿ ಅವನು ಗೇಟು ದಾಟಿದ್ದ. ಅವನು ಅವಳನ್ನು ಕಾಪಾಡಿದ್ದ. ಆ ಕಾಗದದಲ್ಲಿ ಅವನು, ಸಾಹೇಬ, ಎಡ ಇಂಜಿನ್ನು, ಗುಂಡಿ, ವೈರು, ಊಟಕ್ಕೆ ಹೋದ ಜೊತೆಯವನು, ಎಲ್ಲರೂ ಇರುತ್ತಾರೆ. ಅವಳು ಇರುವುದಿಲ್ಲ.

ಅವನ ಸೈಕಲ್ಲನ್ನು ಅವಳು ಯಾವತ್ತೂ ಮುಟ್ಟಿರಲಿಲ್ಲ. ನಿಂತಿದ್ದರೂ ಅದು ಒಂದು ಕಡೆಗೆ ಬೀಳಲು ನೋಡುತ್ತಿತ್ತು; ಇಷ್ಟು ಭಾರವಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಗೇಟಿನಿಂದ ಒಳಗೆ ಹೋಗುವ ಗಂಡಸರು ಅವಳನ್ನು ನೋಡಿಕೊಂಡು ಹೋದರು. ಒಬ್ಬ ಇನ್ನೊಬ್ಬನಿಗೆ ಏನೋ ಹೇಳಿದ, ಇಬ್ಬರೂ ನಕ್ಕರು. ಎಲ್ಲಿ ನೋಡಬೇಕೆಂದು ತಿಳಿಯದೆ ಅವಳು ಮುಂದಿನ ಚಕ್ರದ ಕಡ್ಡಿಗಳನ್ನು ನೋಡುತ್ತಾ, ಹ್ಯಾಂಡಲ್ಲನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು, ಬಿಸಿಲಲ್ಲಿ ನಿಂತಳು.